ಸೊಂಟ ನೋವು, ಬಾಲಿ ಮತ್ತು ಒಂದು ವಾರದ ರಜೆ

ಪ್ರಶ್ನೆ: 30 ವರ್ಷ ರೇಷ್ಮೆ ಹುಳ ಸಾಕಿ ಸೊಂಟ ಹಿಡಿದುಹೋಗಿದೆ. ಮಾರ್ಚಿಯಲ್ಲಿ ಒಂದು ವಾರ ಬಾಲಿಗೆ ಹೋಗೋಣ, ಯೋಗ, ಮಸಾಜು, ದೇವಸ್ಥಾನ ಎಲ್ಲಾ ಇದೆ ಅಂತಾಳೆ ಮಗಳು. ನನಗೆ ಒಗ್ಗುತ್ತಾ?
- ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಒಗ್ಗದೆ ಏನಮ್ಮ, ಹೋಗಿಬನ್ನಿ. ದೇವನಹಳ್ಳಿ ವಿಮಾನ ನಿಲ್ದಾಣ ನಿಮಗೆ ಹತ್ತಿರವೇ ಅಲ್ವಾ? ಆದರೆ ಮಾರ್ಚಿ ಬೇಡ, ಅಲ್ಲಿ ಆಗಿನ್ನೂ ಮಳೆ ಬಿಟ್ಟಿರುವುದಿಲ್ಲ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಅವರ ಹೊಸ ವರ್ಷ, ನ್ಯೆಪಿ. ಅವತ್ತು 24 ಗಂಟೆ ವಿಮಾನವೂ ಬಂದ್, ರಸ್ತೆಗೂ ಇಳಿಯುವಂತಿಲ್ಲ. ಜೂನ್ ಒಳ್ಳೆಯದು.

ಬಾಲಿಯ ಒಳನಾಡಿನ ಊರು ಉಬುದ್‌ನಲ್ಲಿ ಉಳಿಯಿರಿ. ಕಡಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಅಲ್ಲಿಂದ ತೀರ್ಥ ಎಂಪುಲ್ ದೇವಸ್ಥಾನ ದೂರವಿಲ್ಲ. ಸರೋಂಗ್ ಅನ್ನೋ ಲುಂಗಿಯಂಥ ಬಟ್ಟೆ ಸುತ್ತಿಕೊಂಡು ಕೊಳಕ್ಕಿಳಿದು, ಸಾಲಾಗಿ ಬೀಳುವ ಊಟೆ ನೀರಿಗೆ ಒಂದೊಂದಾಗಿ ತಲೆ ಒಡ್ಡಬೇಕು. ಅದರಲ್ಲಿ ಎರಡು ಧಾರೆ ಸತ್ತವರ ಕರ್ಮಕ್ಕೆ ಮೀಸಲು. ನಾನು ಗೊತ್ತಿಲ್ಲದೆ ಅದಕ್ಕೇ ತಲೆ ಕೊಡಲು ಹೋದೆ. ಹಿಂದಿದ್ದ ಅಜ್ಜಿ ರಟ್ಟೆ ಹಿಡಿದು ಎಳೆದಳು!

ಮಸಾಜಿಗೆ ಮುಂಚೆ ಇಲ್ಲಿನ ಡಾಕ್ಟರನ್ನು ಕೇಳಿ. ಅಲ್ಲಿ ಜಾಸ್ತಿ ಒತ್ತಬೇಡಿ ಅಂತ ಮೊದಲೇ ಹೇಳಿ. ದಿನಕ್ಕೊಂದೇ ಕಾರ್ಯಕ್ರಮ ಸಾಕು, ಮಿಕ್ಕಿದ್ದು ಸುಮ್ನೆ ಕೂತು ಗದ್ದೆ ನೋಡಿ. ಸಸ್ಯಾಹಾರಿಗಳಾದರೆ ಎಚ್ಚರ, ಅವರ ಚಟ್ನಿ ಸಂಬಲ್‌ಗೆ ಎಷ್ಟೋ ಕಡೆ ಸೀಗಡಿ ಅರೆದು ಹಾಕಿರುತ್ತಾರೆ. ರಾಗಿ ಹುರಿಹಿಟ್ಟು ಒಂದು ಡಬ್ಬಿ ಜೊತೆಗಿರಲಿ.