ಅಮಾವಾಸ್ಯೆ ಮಂಗಳವಾರ ಹೆರಿಗೆ ಬೇಡ ಅಂತಾರೆ, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಎರಡನೇ ಹೆರಿಗೆಗೆ ತವರಿಗೆ ಬಂದಿದ್ದೇನೆ. ಮೊದಲನೇದು ಸಿಸೇರಿಯನ್ ಆಗಿತ್ತು. ಇದೂ ಸಿಸೇರಿಯನ್ನೇ ಎಂದು ಡಾಕ್ಟರ್ ಹೇಳಿದ್ದಾರೆ. 39 ವಾರ ತುಂಬಿದ ಮೇಲೆ, 26ನೇ ತಾರೀಕು ಮಂಗಳವಾರ ಬೆಳಿಗ್ಗೆ ಮಾಡೋಣ ಎಂದಿದ್ದಾರೆ. ಅತ್ತೆ ಕ್ಯಾಲೆಂಡರ್ ನೋಡಿ ಗಾಬರಿಯಾಗಿದ್ದಾರೆ. ಆ ದಿನ ಅಮಾವಾಸ್ಯೆ, ಸಾಲದ್ದಕ್ಕೆ ಮಂಗಳವಾರ, 2 ಮತ್ತು 6 ಕೂಡಿದರೆ 8, ಅದು ಶನಿಯ ಸಂಖ್ಯೆಯಂತೆ. ಅವರ ಜೋಯಿಸರು 14ನೇ ತಾರೀಕು ಗುರುವಾರ ಬೆಳಿಗ್ಗೆ 11.10ರಿಂದ 11.40ರ ಒಳಗೆ ಒಳ್ಳೆಯ ಲಗ್ನ ಇದೆ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ನನ್ನ ಗಂಡ "ಹನ್ನೆರಡು ದಿನ ತಾನೆ, ಅಮ್ಮನ ಮನಸ್ಸು ನೋಯಿಸಬೇಡ" ಎನ್ನುತ್ತಾರೆ. ನನ್ನ ಅಮ್ಮನಿಗೆ ಬೀಗಿತ್ತಿಯ ಎದುರು ಮಾತಾಡಲು ಭಯ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ನಾಳೆ ಮಗುವಿಗೆ ಏನಾದರೂ ಆದರೆ "ಹೇಳಿದರೂ ಕೇಳಲಿಲ್ಲ" ಎಂದು ಎಲ್ಲರೂ ನನ್ನನ್ನೇ ಅನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಂಗಿ, ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಸುತ್ತಿ ಬಳಸಿ ಹೇಳುವಷ್ಟು ದಿನ ನಿನ್ನ ಹತ್ತಿರ ಉಳಿದಿಲ್ಲ. 14ನೇ ತಾರೀಕಿಗೆ ಒಪ್ಪಬೇಡ.

"ಹನ್ನೆರಡು ದಿನ ತಾನೆ" ಎಂದರಲ್ಲ ನಿನ್ನ ಗಂಡ, ಮೊದಲು ಆ ಹನ್ನೆರಡು ದಿನವನ್ನೇ ನೋಡೋಣ. 26ಕ್ಕೆ 39 ವಾರ ತುಂಬುತ್ತದೆ ಎಂದರೆ 14ಕ್ಕೆ 37 ವಾರ ದಾಟಿ ಎರಡು ಮೂರು ದಿನ ಅಷ್ಟೇ. "ಒಂಬತ್ತು ತಿಂಗಳಿಗೆ ಬಿತ್ತು, ಇನ್ನೇನು" ಎನ್ನುವುದು ನಮ್ಮ ಮನೆಗಳ ರೂಢಿ. ಹೊಟ್ಟೆಯೊಳಗೆ ಕೆಲಸ ಇನ್ನೂ ನಡೆಯುತ್ತಲೇ ಇರುತ್ತದೆ. ಮಗುವಿನ ಶ್ವಾಸಕೋಶ, ಮೆದುಳು ಕೊನೆಯ ವಾರಗಳಲ್ಲೂ ಬಲಿಯುತ್ತವೆ. ಚರ್ಮದ ಕೆಳಗೆ ಕೊಬ್ಬು ಕೂಡುತ್ತದೆ. ಹುಟ್ಟಿದ ಮೇಲೆ ಮೈ ಬೆಚ್ಚಗಿರಲು ಅದು ಬೇಕು. ಇನ್ನೊಂದು ವಿಷಯ. ಹೊಟ್ಟೆಯಲ್ಲಿ ಇರುವಷ್ಟು ದಿನ ಮಗುವಿನ ಶ್ವಾಸಕೋಶದ ತುಂಬ ದ್ರವ ಇರುತ್ತದೆ. ಹೆರಿಗೆ ನೋವು ಶುರುವಾದಾಗ ಮಗುವಿನ ದೇಹ ಆ ದ್ರವವನ್ನು ಹೀರಿಕೊಳ್ಳುತ್ತಾ ಬರುತ್ತದೆ. ನೋವು ಬರುವ ಮುಂಚೆಯೇ ಸಿಸೇರಿಯನ್ ಮಾಡಿದರೆ ಅದಕ್ಕೆ ಹೊತ್ತು ಸಿಗುವುದಿಲ್ಲ. ಅದರ ಮೇಲೆ ವಾರಗಳೂ ಕಮ್ಮಿಯಾದರೆ ಮಗು ಉಸಿರಿಗೆ ಕಷ್ಟಪಡುವ ಸಾಧ್ಯತೆ ಜಾಸ್ತಿ. ಅದಕ್ಕೇ, ಬೇರೆ ತೊಂದರೆ ಇಲ್ಲದಿದ್ದರೆ, ದಿನ ಗೊತ್ತು ಮಾಡಿ ಮಾಡುವ ಸಿಸೇರಿಯನ್ನನ್ನು 39 ವಾರಕ್ಕೆ ಮುಂಚೆ ಮಾಡಬಾರದು ಎಂದು ಡಾಕ್ಟರುಗಳು ಹೇಳುವುದು. ನಿನ್ನ ಡಾಕ್ಟರ್ 26 ಎಂದಿದ್ದು ಈ ಲೆಕ್ಕದಲ್ಲಿ.

ಇದು ನಮ್ಮ ಮನೆಯಲ್ಲೇ ಆಗಿದೆ. ನನ್ನ ನಾದಿನಿಗೆ ಹೀಗೇ ಮುಹೂರ್ತ ಇಟ್ಟು, ಎರಡು ವಾರ ಮೊದಲೇ ಆಪರೇಷನ್ ಮಾಡಿಸಿದರು. ಮಗು ಅತ್ತಿತು. ಫೋನಿಗೆ ಫೋಟೋ ಬಂತು. ಮನೆಯಲ್ಲಿ ಸಕ್ಕರೆ ಹಂಚಿದೆವು. ಅರ್ಧ ಗಂಟೆ ಆಗಿರಲಿಲ್ಲ, ಮಗುವಿನ ಉಸಿರು ಜೋರಾಯಿತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ತಕ್ಷಣ ಎನ್‌ಐಸಿಯುಗೆ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ, ಒಯ್ದರು. ನಮ್ಮತ್ತೆ ಸೆರಗಿನ ತುದಿಯಲ್ಲಿ ಮಂತ್ರಾಕ್ಷತೆ ಗಂಟು ಹಾಕಿಕೊಂಡು ಗಾಜಿನ ಈಚೆ ನಿಂತಿದ್ದರು. ಒಳಗೆ ಬಿಡಲಿಲ್ಲ. ನನ್ನ ನಾದಿನಿ ಹೊಲಿಗೆಯ ನೋವಲ್ಲೇ ಎದ್ದು ಕೂತು, ಹಾಲು ಹಿಂಡಿ, ಪುಟ್ಟ ಬಟ್ಟಲಲ್ಲಿ ಕಳಿಸುತ್ತಿದ್ದಳು. ಮಗುವನ್ನು ಅವಳ ತೋಳಿಗೆ ಕೊಟ್ಟಿದ್ದು ಆರನೇ ದಿನ ಮಧ್ಯಾಹ್ನ. ಆ ಗಳಿಗೆ ಎಂಥದ್ದು ಎಂದು ಯಾರೂ ಕ್ಯಾಲೆಂಡರ್ ನೋಡಲಿಲ್ಲ. ಮಗು ಈಗ ಚೆನ್ನಾಗಿದೆ, ಶಾಲೆಗೆ ಹೋಗುತ್ತಿದೆ. ನಮ್ಮತ್ತೆ ಮಾತ್ರ ಆ ಗಾಜನ್ನು ಇನ್ನೂ ಮರೆತಿಲ್ಲ. ಅವರು ಮುಹೂರ್ತ ಕೇಳಿದ್ದು ಪ್ರೀತಿಗೇ. ನಿನ್ನ ಅತ್ತೆಯದೂ ಪ್ರೀತಿಯೇ. ಮೊಮ್ಮಗುವಿಗೆ ಕೆಡುಕಾಗಬಾರದು ಎಂದು ಅವರ ಜೀವ ಒದ್ದಾಡುತ್ತಿದೆ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಅವರ ಹತ್ತಿರ ಮಾತಾಡು.

"ಇದೆಲ್ಲ ಮೂಢನಂಬಿಕೆ" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವರಿಗೆ ಒಪ್ಪಿಗೆಯಾಗುವ ದಾರಿಯಲ್ಲೇ ಹೋಗು. ಅಮಾವಾಸ್ಯೆಯಲ್ಲಿ ಹುಟ್ಟಿದ ಮಗುವಿಗೆ ಶಾಂತಿ ಮಾಡಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದಿದೆ. ಮೂಲಾ ನಕ್ಷತ್ರಕ್ಕೂ ಇದೆ, ಆಶ್ಲೇಷಕ್ಕೂ ಇದೆ. ಹುಟ್ಟು ನಮ್ಮ ಕೈಯಲ್ಲಿಲ್ಲ, ಅದು ಯಾವ ದಿನ ಬೇಕಾದರೂ ಆಗುತ್ತದೆ ಎಂದು ಹಿರಿಯರಿಗೆ ಗೊತ್ತಿತ್ತು. ದಿನ ಸರಿ ಇಲ್ಲ ಅನ್ನಿಸಿದರೆ ಆಮೇಲೆ ಪೂಜೆ ಮಾಡಿಸಿ ಎಂದರು. ಕಾಯಿ ಬಲಿಯುವ ಮುಂಚೆ ಕೀಳಿ ಎಂದು ಯಾವ ಅಜ್ಜಿಯೂ ಹೇಳಿದ್ದನ್ನು ನಾನು ಕೇಳಿಲ್ಲ. "ಅತ್ತೆ, ಶಾಂತಿ ನೀವೇ ಮುಂದೆ ನಿಂತು ಮಾಡಿಸಿ, ನಾನು ಮಗು ಎತ್ತಿಕೊಂಡು ಕೂತುಕೊಳ್ಳುತ್ತೇನೆ" ಎನ್ನು. ನಿನಗೆ ನಂಬಿಕೆ ಇಲ್ಲದಿದ್ದರೂ ಒಂದು ಬೆಳಿಗ್ಗೆ ಮಣೆಯ ಮೇಲೆ ಕೂತರೆ ಏನೂ ಕಳೆದುಹೋಗುವುದಿಲ್ಲ. ಕಮ್ಮಿಯಾದ ಹನ್ನೆರಡು ದಿನವನ್ನು ಯಾವ ಹೋಮವೂ ತುಂಬಿಕೊಡಲಾರದು. ಈ ಒಂದು ಮಾತನ್ನು ಅವರು ಒಪ್ಪಿದರೆ ಉಳಿದದ್ದೆಲ್ಲ ಸುಲಭ.

ಮಾತು ಮುಂದುವರಿದರೆ ಇನ್ನೂ ಹೇಳಬಹುದು. ಅಮಾವಾಸ್ಯೆ ಅಷ್ಟು ಕೆಟ್ಟದ್ದಾಗಿದ್ದರೆ ದೀಪಾವಳಿಯ ಲಕ್ಷ್ಮಿ ಪೂಜೆಯನ್ನು ಆ ದಿನ ಯಾಕೆ ಮಾಡುತ್ತೇವೆ? ಭೀಮನ ಅಮಾವಾಸ್ಯೆ ದಿನ ಗಂಡನ ಆಯಸ್ಸು ಬೇಡಿ ಪೂಜೆ ಮಾಡುತ್ತೇವಲ್ಲ, ನಿನ್ನ ಅತ್ತೆಯೂ ಮಾಡಿರಬೇಕು. ಕಲಬುರಗಿ, ವಿಜಯಪುರದ ಕಡೆ ಎಳ್ಳಮಾವಾಸ್ಯೆ ಬಂತೆಂದರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆಗೆ ಚರಗ ಚೆಲ್ಲಿ, ಅಂದರೆ ಅಡುಗೆಯನ್ನು ಎಡೆಯಾಗಿ ಹೊಲಕ್ಕೆ ಎರಚಿ, ಸಜ್ಜೆ ರೊಟ್ಟಿ, ಭಜ್ಜಿ ಹಂಚಿಕೊಂಡು ಉಣ್ಣುತ್ತಾರೆ. ತುಂಬು ಬಸುರಿಯಂತೆ ನಿಂತ ಪೈರಿಗೆ ಅದು ಸೀಮಂತ ಇದ್ದ ಹಾಗೆ. ತಮಿಳುನಾಡಿನಲ್ಲಂತೂ ಅಮಾವಾಸ್ಯೆ ನೋಡಿಯೇ ಹೊಸ ಕೆಲಸ ಶುರು ಮಾಡುವವರು ಬಹಳ. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ಸಾಕು, ಅದೇ ದಿನ ಒಳ್ಳೆಯ ದಿನ.

ಮಂಗಳವಾರವೂ ಹಾಗೇ. ಕಟಿಂಗ್ ಶಾಪ್ ಮುಚ್ಚುವ ದಿನ, ಕೈಯಿಂದ ದುಡ್ಡು ಕೊಡಬಾರದ ದಿನ, ಮಗಳನ್ನು ಗಂಡನ ಮನೆಗೆ ಕಳಿಸಬಾರದ ದಿನ. ಅದೇ ಮಂಗಳವಾರ ಸಂಕಷ್ಟ ಚತುರ್ಥಿ ಬಿದ್ದರೆ ಅಂಗಾರಕ ಸಂಕಷ್ಟಿ ಎಂದು ಗಣಪತಿ ಗುಡಿಯ ಮುಂದೆ ಸಾಲು ನಿಲ್ಲುತ್ತೇವೆ.

8ರ ವಿಷಯದಲ್ಲಿ ನನಗೆ ನಿಜಕ್ಕೂ ಬೇಜಾರು. ಕೃಷ್ಣ ದೇವಕಿಯ ಎಂಟನೇ ಮಗು. ಹುಟ್ಟಿದ್ದು ಅಷ್ಟಮಿ, ಅದೂ ಕೃಷ್ಣಪಕ್ಷ, ಅದೂ ನಡುರಾತ್ರಿ, ಅದೂ ಸೆರೆಮನೆಯಲ್ಲಿ. ಆ ಕೂಸಿನ ಪುಟ್ಟ ಹೆಜ್ಜೆಗಳನ್ನು ಹೊಸಿಲಿಂದ ದೇವರ ಮನೆವರೆಗೆ ಅಕ್ಕಿಹಿಟ್ಟಲ್ಲಿ ಬಿಡಿಸುತ್ತೇವೆ ಅಲ್ವಾ? ಈ ತಾರೀಕು ಕೂಡಿಸುವ ಲೆಕ್ಕ ನಮ್ಮ ಅಜ್ಜಿಯರಿಗೆ ಗೊತ್ತೇ ಇರಲಿಲ್ಲ. 26 ಎನ್ನುವುದು ಇಂಗ್ಲಿಷ್ ಕ್ಯಾಲೆಂಡರಿನ ತಾರೀಕು. ಪಂಚಾಂಗಕ್ಕೆ ಆ ದಿನ ಅಮಾವಾಸ್ಯೆ, ಅಷ್ಟೇ. ಎರಡು ಬೇರೆ ಬೇರೆ ಲೆಕ್ಕಗಳಿಂದ ಒಂದೊಂದು ಭಯ ಆರಿಸಿ ತಂದು ಒಂದೇ ಮಗುವಿನ ಮೇಲೆ ಹಾಕಿದ ಹಾಗಾಯಿತು. ಚೀನಾದವರಿಗೆ ಇದೇ 8 ಸಿರಿಯ ಸಂಖ್ಯೆ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯನ್ನು 2008ರ ಎಂಟನೇ ತಿಂಗಳ ಎಂಟನೇ ತಾರೀಕು ರಾತ್ರಿ ಎಂಟಕ್ಕೆ ಇಟ್ಟುಕೊಂಡರು. ಅವರಿಗೆ ಭಯ 4 ಎಂದರೆ, ಅವರ ಭಾಷೆಯಲ್ಲಿ ನಾಲ್ಕು ಮತ್ತು ಸಾವು ಹೆಚ್ಚುಕಮ್ಮಿ ಒಂದೇ ಥರ ಕೇಳಿಸುತ್ತವೆ. ಇಟಲಿಯವರಿಗೆ 17 ಎಂದರೆ ಆಗದು. ಬೇರೆ ಕಡೆ 13.

ರಾಹುಕಾಲದ ಚಿಂತೆ ನಿನಗೆ ಬೇಡ. ಹಗಲನ್ನು ಎಂಟು ಪಾಲು ಮಾಡಿ ದಿನಕ್ಕೊಂದು ಪಾಲು ರಾಹುವಿಗೆ ಬಿಟ್ಟ ಲೆಕ್ಕ ಅದು. ಬೆಳಿಗ್ಗೆ 6ಕ್ಕೆ ಸೂರ್ಯ ಹುಟ್ಟುತ್ತಾನೆ ಎಂದು ಹಿಡಿದರೆ ಮಂಗಳವಾರ ಅದು ಮಧ್ಯಾಹ್ನ 3ರಿಂದ 4.30. ನಿನ್ನ ಆಪರೇಷನ್ ಬೆಳಿಗ್ಗೆ. ಇದನ್ನು ಅತ್ತೆಗೆ ಹೇಳು, ಒಂದಿಷ್ಟು ಸಮಾಧಾನ ಆದೀತು.

ಈಗ ನಿನ್ನ ಭಯಕ್ಕೆ ಬರುತ್ತೇನೆ. ನಿನ್ನ ಕಾಗದ ಎರಡು ಸಲ ಓದಿದೆ. ನೀನು ಹೆದರಿರುವುದು ಜನರ ಬಾಯಿಗೆ. ನನಗೆ ಅರ್ಥವಾಗುತ್ತದೆ ತಂಗಿ. ಕಾಲ್ಗುಣ ಎಂಬ ಒಂದೇ ಮಾತಿಂದ ಎಷ್ಟು ಹೆಣ್ಣುಮಕ್ಕಳು ನೊಂದಿದ್ದಾರೆ ಎಂದು ಇಲ್ಲಿಗೆ ಬರುವ ಕಾಗದ ಓದಿ ಓದಿ ಗೊತ್ತು. ಬೋರ್‌ವೆಲ್ ಬತ್ತಿದರೆ ಸೊಸೆಯ ಕಾಲ್ಗುಣ, ಎಮ್ಮೆ ಸತ್ತರೆ ಸೊಸೆಯ ಕಾಲ್ಗುಣ. ಈಗ ಅದು ನಿನ್ನ ಮಗುವಿನ ತಲೆಗೆ ಬರುತ್ತದಲ್ಲ ಎಂದು ನಿನಗೆ ಸಂಕಟ. ಎಲ್ಲ ಮಕ್ಕಳಿಗೂ ಜ್ವರ ಬರುತ್ತದೆ. ಎಲ್ಲ ಮಕ್ಕಳೂ ಬಿದ್ದು ಮಂಡಿ ತರಚಿಕೊಳ್ಳುತ್ತಾರೆ. ಗುರುವಾರ ಹುಟ್ಟಿದ ಮಗುವಿಗೆ ಜ್ವರ ಬಂದರೆ ಯಾರೂ ಗುರುವಾರವನ್ನು ನೆನೆಸುವುದಿಲ್ಲ. ಅಮಾವಾಸ್ಯೆಯ ಮಗುವಿಗೆ ಬಂದರೆ ಮಾತ್ರ ಅಮಾವಾಸ್ಯೆ ನೆನಪಾಗುತ್ತದೆ. ಇಂಥ ಮಾತು ಬೆಳೆಯುವುದೇ ಹೀಗೆ. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂದು ವರ್ಷಗಟ್ಟಲೆ ನಂಬಿದ್ದರು. ಅಲ್ಲಿಗೆ ಹೋಗದೆಯೂ ಕುರ್ಚಿ ಕಳೆದುಕೊಂಡವರನ್ನು ಯಾರೂ ಎಣಿಸಲಿಲ್ಲ. ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿದ್ದಾಗ ಹಲವು ಸಲ ಹೋಗಿಬಂದರು, 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು. ಅಷ್ಟು ವರ್ಷದ ಭಯದಲ್ಲಿ ನಷ್ಟ ಆಗಿದ್ದು ಯಾರಿಗೆ? ಏನೂ ತಪ್ಪು ಮಾಡದ ಆ ಊರಿನ ಜನಕ್ಕೆ. ನಿನ್ನ ವಿಷಯದಲ್ಲಿ ನಷ್ಟ ಆಗುವುದು ಇನ್ನೂ ಕಣ್ಣು ಬಿಡದ ಕೂಸಿಗೆ.

14ಕ್ಕೆ ಒಪ್ಪಿ ಮಗು ಎನ್‌ಐಸಿಯು ಸೇರಿದರೆ ಯಾರೂ ಜೋಯಿಸರನ್ನು ಅನ್ನುವುದಿಲ್ಲ. ಆಗಲೂ ನಿನ್ನ ಕಡೆಗೇ ನೋಡುತ್ತಾರೆ, ಸರಿಯಾಗಿ ತಿನ್ನಲಿಲ್ಲ, ರೆಸ್ಟ್ ಮಾಡಲಿಲ್ಲ ಎನ್ನುತ್ತಾರೆ. ಯಾವ ದಿನ ಹೆತ್ತರೂ ಮಾತು ತಪ್ಪದು ಎಂದ ಮೇಲೆ, ಮಗುವಿಗೆ ಒಳ್ಳೆಯದಾಗುವ ದಿನ ಹಡೆದು ಆ ಮಾತು ಕೇಳುವುದು ವಾಸಿ.

ಆದರೆ ಈ ಮಾತನ್ನು ನೀನೊಬ್ಬಳೇ ಯಾಕೆ ಕೇಳಬೇಕು? ನಿನ್ನ ಗಂಡ ಎಲ್ಲಿದ್ದಾರೆ? ಅಮ್ಮನಿಗೆ ಹೇಳಬೇಕಾದವರು ಅವರು. "ಡಾಕ್ಟರ್ ಹತ್ತಿರ ನಾನೇ ಕೇಳಿದೆ, ಮಗುವಿಗೆ ಕಷ್ಟ ಆಗುತ್ತಂತೆ, ನಾನೇ ಬೇಡ ಅಂದೆ" ಎಂದು ಮಗ ಹೇಳಿದರೆ ಅದರ ತೂಕವೇ ಬೇರೆ. ನಿನ್ನ ಅಮ್ಮನನ್ನು ಬೀಗಿತ್ತಿಯ ಎದುರು ನಿಲ್ಲಿಸಬೇಡ. ಪಾಪ, ಬಾಣಂತನದ ಕೆಲಸವೇ ಅವರಿಗೆ ಬೇಕಾದಷ್ಟಿದೆ.

ಮುಂದಿನ ಚೆಕಪ್‌ಗೆ ಗಂಡನನ್ನೂ ಅತ್ತೆಯನ್ನೂ ಕರೆಸಿಕೋ. ಅತ್ತೆಗೆ ಬಸ್ಸಲ್ಲಿ ಬರಲು ಕಷ್ಟ ಆದರೆ ಫೋನ್ ಸ್ಪೀಕರ್‌ಗೆ ಹಾಕು. "ಡಾಕ್ಟರೇ, 14ಕ್ಕೆ ಮಾಡಿದರೆ ಮಗುವಿಗೆ ಏನು ತೊಂದರೆ ಆಗಬಹುದು?" ಎಂದು ನಿನ್ನ ಗಂಡನ ಬಾಯಲ್ಲೇ ಕೇಳಿಸು. ಉತ್ತರವನ್ನು ಅವರ ಕಿವಿಯಾರೆ ಕೇಳಲಿ. ಆಮೇಲೆ ಇನ್ನೊಂದು ಪ್ರಶ್ನೆ: 26ರ ಬದಲು 27 ಅಥವಾ 28 ಆಗಬಹುದೇ? ಡಾಕ್ಟರ್ ಧಾರಾಳವಾಗಿ ಆಗುತ್ತದೆ ಎಂದರೆ ಒಪ್ಪಿಕೋ. ಅಮಾವಾಸ್ಯೆಯೂ ಕಳೆಯುತ್ತದೆ, ಮಂಗಳವಾರವೂ ಕಳೆಯುತ್ತದೆ, ಅತ್ತೆಯ ಮಾತಿಗೂ ಬೆಲೆ ಸಿಕ್ಕಿತು. ಇದರಲ್ಲಿ ಸೋಲು ಏನೂ ಇಲ್ಲ. ಮೊದಲ ಆಪರೇಷನ್ನಿನ ಹೊಲಿಗೆ ಇರುವುದರಿಂದ ಬೇಡ ಎಂದರೆ 26ಕ್ಕೇ ಗಟ್ಟಿಯಾಗಿ ನಿಲ್ಲು. ಬಿಪಿ ಅಥವಾ ಇನ್ನೇನಾದರೂ ಕಾರಣಕ್ಕೆ ಬೇಗ ಮಾಡಬೇಕು ಎಂದು ಡಾಕ್ಟರೇ ಹೇಳಿದರೆ ಅದು ಬೇರೆ ಮಾತು, ಆಗ ಹಿಂದೆಮುಂದೆ ನೋಡಬೇಡ.

ಇದನ್ನು ಮನೆಯವರೆಲ್ಲರಿಗೂ ಈಗಲೇ ಹೇಳಿಡು: ಅದಕ್ಕೆ ಮುಂಚೆ ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಮ್ಮಿ ಅನ್ನಿಸಿದರೆ, ಆ ಗಳಿಗೆಯಲ್ಲೇ ಹೊರಡಬೇಕು. ರಾಹುಕಾಲ ಮುಗಿಯಲಿ ಎಂದು ಹತ್ತು ನಿಮಿಷ ಕೂಡ ಕಾಯುವಂತಿಲ್ಲ. ಮೊದಲ ಸಿಸೇರಿಯನ್ ಆದವರಿಗೆ ಇದು ಇನ್ನೂ ಮುಖ್ಯ.

ನಾಮಕರಣದ ದಿನ, ತೊಟ್ಟಿಲು ಶಾಸ್ತ್ರದ ಹೊತ್ತು, ನಕ್ಷತ್ರದ ಅಕ್ಷರ, ಇದನ್ನೆಲ್ಲ ಅತ್ತೆಯ ಕೈಗೆ ಕೊಟ್ಟುಬಿಡು. ಇವತ್ತೇ ಹೇಳು. ಜೋಯಿಸರ ಹತ್ತಿರ ಹೋಗಲು ಅವರಿಗೂ ಒಂದು ಸಂತೋಷದ ಕಾರಣ ಸಿಗಲಿ.

ಸಂಜೆ ಮೊದಲು ಗಂಡನಿಗೆ ಫೋನ್ ಮಾಡು. ಮೆಸೇಜ್ ಬೇಡ, ಮಾತೇ ಆಡು. ಊಟ ಮಾಡಿ ಎಡ ಮಗ್ಗುಲಿಗೆ ಮಲಗಿಕೊಂಡು ಮಗು ಎಷ್ಟು ಸಲ ಒದೆಯುತ್ತದೆ ಎಂದು ಎಣಿಸು. ಈ ದಿನಗಳಲ್ಲಿ ನೀನು ಎಣಿಸಬೇಕಾದ ಸಂಖ್ಯೆ ಅದೊಂದೇ. ಮಗು ಹುಟ್ಟಿದ ಮೇಲೆ ಒಂದು ಸಾಲು ಬರೆ, ಕಾಯುತ್ತಿರುತ್ತೇನೆ.