ಅಲಾಸ್ಕಾ ಕ್ರೂಸ್‌ಗೆ ಮೇ ರಜೆ ಸರಿಯೋ, ಮಳೆಗಾಲ ಸರಿಯೋ?

ಮಕ್ಕಳ ಮೇ ರಜೆಯಲ್ಲಿ ಶಿವಮೊಗ್ಗದಿಂದ ಅಲಾಸ್ಕಾ ಕ್ರೂಸ್‌ಗೆ ಹೋದರೆ ಹಿಮನದಿ, ತಿಮಿಂಗಿಲ, ಕರಡಿ ಎಲ್ಲ ಕಾಣುತ್ತವಾ ಅಂತ ಕೇಳಿದ್ದೀರಿ. ಹಿಮನದಿ ಕಾಣುತ್ತದೆ. ಆದರೆ ಪ್ರಾಣಿಗಳನ್ನು ಚೆನ್ನಾಗಿ ನೋಡಬೇಕೆಂದರೆ ಜುಲೈ ಕೊನೆ ಅಥವಾ ಆಗಸ್ಟ್ ಒಳ್ಳೆಯದು. ಇಲ್ಲಿ ಜಡಿಮಳೆ ಹಿಡಿದಿರುವಾಗಲೇ ಅಲ್ಲಿ ಸೀಸನ್.

ಕಾರಣ ಊಟ. ಜೂನ್‌ನಲ್ಲಿ ಜುನೋ ಊರಿಗೆ 18 ಗಂಟೆ ಹಗಲು. ಆ ಬೆಳಕಿಗೆ ತಣ್ಣನೆಯ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಿಪರೀತ ಬೆಳೆಯುತ್ತದೆ. ಅದನ್ನು ತಿಂದು ಸಿಗಡಿಯಂಥ ಪುಟ್ಟ ಜೀವಿಗಳು ಹೆಚ್ಚುತ್ತವೆ, ಅವನ್ನು ತಿಂದು ಹೆರಿಂಗ್ ಮೀನು. ಚಳಿಗಾಲವನ್ನು ಹವಾಯಿಯಲ್ಲಿ ಹೆಚ್ಚುಕಮ್ಮಿ ಉಪವಾಸ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಇದನ್ನೆಲ್ಲ ತಿನ್ನಲೆಂದೇ ಬರುತ್ತವೆ. ಅವು ಗುಂಪಾಗಿ ಬೇಟೆಯಾಡುವುದು ಸಿಕ್ಕರೆ ಬಿಡಬೇಡಿ: ನೀರಿನ ಮೇಲೆ ಗುಳ್ಳೆಗಳ ಬಳೆ ಮೂಡುತ್ತದೆ, ಹಕ್ಕಿಗಳು ಮುಗಿಬೀಳುತ್ತವೆ, ಅದರ ನಡುವಿನಿಂದ ಬಾಯಿ ತೆರೆದ ತಿಮಿಂಗಿಲಗಳು ಒಟ್ಟಿಗೇ ಮೇಲೇಳುತ್ತವೆ.

ಕರಡಿಗೂ ಇದೇ ಲೆಕ್ಕ. ಮೊದಲ ಮಳೆಗೆ ನಮ್ಮ ಹಳ್ಳಗಳಲ್ಲಿ ಹತ್ತುಮೀನು ಬರುತ್ತದಲ್ವಾ, ಹಾಗೇ ಅಲ್ಲಿ ಸಾಲ್ಮನ್ ಮೊಟ್ಟೆಯಿಡಲು ಸಮುದ್ರದಿಂದ ಹಳ್ಳ ಹತ್ತುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದು ಜಾಸ್ತಿ. ಕರಡಿಗಳು ಹಳ್ಳದಲ್ಲೇ ಕಾದು ನಿಲ್ಲುತ್ತವೆ.

ಮಕ್ಕಳಿಗೆ ಒಂದು ವಾರ ಶಾಲೆ ತಪ್ಪಿದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲೂ ಮಳೆ ಜಾಸ್ತಿ, ಒಳ್ಳೆಯ ರೇನ್‌ಕೋಟ್ ಇರಲಿ. ಹಡಗು ವ್ಯಾಂಕೂವರ್‌ನಿಂದ ಹೊರಡುವುದಾದರೆ ಅಮೆರಿಕದ ವೀಸಾ ಜೊತೆಗೆ ಕೆನಡಾ ವೀಸಾನೂ ಬೇಕು, ಅದನ್ನು ಮೊದಲೇ ಮಾಡಿಸಿಕೊಳ್ಳಿ.