ಚರ್ಚಿನ ಸೂರು, ಶಾಲೆಯ ದುಡ್ಡು: ಒಬ್ಬ ಖಜಾಂಚಿಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನೂ ಮೊತ್ತಗಳನ್ನೂ ಬದಲಿಸಲಾಗಿದೆ.)

ಸಲಹೆಗೆ ಬಂದವರು ನಲವತ್ತು ದಾಟಿದ ಮಹಿಳೆ. ಇಲ್ಲಿ ಅವರನ್ನು ‘ಸ’ ಎನ್ನೋಣ. ಹಾಸನದ ಕಡೆಯವರು, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ಮಗಳು ಮೂರನೇ ತರಗತಿ ಓದುತ್ತಿರುವುದು ಎಪಿಸ್ಕೋಪಲ್ (ಆಂಗ್ಲಿಕನ್ ಪರಂಪರೆಯ ಅಮೆರಿಕದ ಕ್ರೈಸ್ತ ಪಂಗಡ) ಚರ್ಚೊಂದರ ಆವರಣದ ಶಾಲೆಯಲ್ಲಿ. ಅದೇ ಶಾಲೆಯ ಬೋರ್ಡಿಗೆ ಸ ಅವರು ಎರಡು ವರ್ಷದಿಂದ ಖಜಾಂಚಿ. ನಿದ್ದೆ ಬರುತ್ತಿಲ್ಲ, ಮೀಟಿಂಗಿನ ಹಿಂದಿನ ದಿನವೇ ಹೊಟ್ಟೆ ತೊಳಸಲು ಶುರುವಾಗುತ್ತದೆ, ಮನೆಯವರು ರಾಜೀನಾಮೆ ಕೊಟ್ಟುಬಿಡು ಎನ್ನುತ್ತಾರೆ ಎಂಬುದು ಅವರು ಹೇಳಿಕೊಂಡ ತೊಂದರೆ.

ಕಾರಣ ಚರ್ಚಿನ ಸೂರು. ದುರಸ್ತಿಗೆ 4 ಲಕ್ಷ ಡಾಲರ್ ಬೇಕು. ಶಾಲೆಯ ಖಾತೆಯಲ್ಲಿ 6 ಲಕ್ಷ ಇದೆ. ಚರ್ಚಿನ ಆಡಳಿತ ಮಂಡಳಿಯಾದ ವೆಸ್ಟ್ರಿ ಆ ಹಣವನ್ನು ‘ಸದ್ಯಕ್ಕೆ’ ಬಳಸೋಣ ಎಂದಿತು. ಎಂಟು ತಿಂಗಳ ಹಿಂದೆ ಬಂದ ಹೊಸ ರೆಕ್ಟರ್, ಅಂದರೆ ಚರ್ಚಿನ ಮುಖ್ಯ ಪಾದ್ರಿ, ಎರಡೂ ಒಂದೇ ಮನೆಯಲ್ಲವೇ ಎಂದರು. ಶಾಲೆಯ ಮುಖ್ಯಸ್ಥೆ ಒಪ್ಪಲಿಲ್ಲ. ರಾತ್ರಿ ಹತ್ತು ಗಂಟೆಗೆ ಸ ಅವರಿಗೆ ಫೋನ್ ಮಾಡಿ ಅಳುತ್ತಿದ್ದರು. ‘ನಾನು ಕ್ರೈಸ್ತಳೇ ಅಲ್ಲ. ಅವರ ಚರ್ಚಿನ ವಿಷಯದಲ್ಲಿ ನಾನು ಬಾಯಿ ಹಾಕುವುದು ಸರಿಯೇ? ನಾಳೆ ಮಗಳನ್ನು ಬೇರೆ ಕಣ್ಣಿನಿಂದ ನೋಡಿದರೆ?’ ಸ ಅವರು ಮತ್ತೆ ಮತ್ತೆ ಕೇಳಿದ್ದು ಇದನ್ನೇ.

ಮೊದಲು ಈ ಅಳುಕನ್ನೇ ತೆಗೆದುಕೊಂಡೆವು. ಎಪಿಸ್ಕೋಪಲ್ ಶಾಲೆಗಳಲ್ಲಿ ಬೇರೆ ಬೇರೆ ಧರ್ಮದ ಮಕ್ಕಳು ಓದುತ್ತಾರೆ, ಬೋರ್ಡುಗಳಲ್ಲೂ ಅಂಥ ಪೋಷಕರಿರುತ್ತಾರೆ. ಬೋರ್ಡಿನಲ್ಲಿ ಇಷ್ಟು ಮಂದಿ ಚರ್ಚಿನ ಸದಸ್ಯರಿರಬೇಕು ಎಂದು ಬೈಲಾ ಹೇಳಬಹುದು. ಆದರೆ ಒಮ್ಮೆ ಟ್ರಸ್ಟಿ, ಅಂದರೆ ಬೋರ್ಡಿನ ಸದಸ್ಯ, ಆದ ಮೇಲೆ ಎಲ್ಲರ ಹೊಣೆಯೂ ಒಂದೇ: ಎಚ್ಚರದಿಂದ ನೋಡುವುದು, ಸ್ವಂತ ಲಾಭ ಬಿಟ್ಟು ಸಂಸ್ಥೆಯ ಹಿತ ಕಾಯುವುದು, ಸಂಸ್ಥೆಯ ಉದ್ದೇಶ ಮೀರದಿರುವುದು. ಲೆಕ್ಕ ಕೇಳುವುದು ಖಜಾಂಚಿಯ ಕೆಲಸ. ಅದಕ್ಕೆ ದೀಕ್ಷಾಸ್ನಾನ ಬೇಕಿಲ್ಲ.

ಎರಡನೆಯದು, ಅವರು ತಪ್ಪಾಗಿ ತಿಳಿದಿದ್ದ ಒಂದು ಸಂಗತಿ. ‘ಅದು ಶಾಲೆಯ ದುಡ್ಡು, ಚರ್ಚು ಮುಟ್ಟುವ ಹಾಗಿಲ್ಲ’ ಎಂದು ವಾದಿಸಲು ಅವರು ಸಿದ್ಧರಾಗಿದ್ದರು. ಆ ವಾದ ನಿಲ್ಲುತ್ತಿರಲಿಲ್ಲ. ಈ ಶಾಲೆ ಪ್ರತ್ಯೇಕವಾಗಿ ನೋಂದಣಿಯಾಗಿಲ್ಲ, ಕಾನೂನಿನ ಲೆಕ್ಕದಲ್ಲಿ ಚರ್ಚಿನ ಭಾಗವೇ. ಆಸ್ತಿಯ ವಿಷಯದಲ್ಲಿ ಚರ್ಚಿನ ಕಾನೂನುಬದ್ಧ ಪ್ರತಿನಿಧಿ ವೆಸ್ಟ್ರಿ. ಕಟ್ಟಡಗಳ ಬಳಕೆ ರೆಕ್ಟರ್ ಕೈಯಲ್ಲಿ. ಶಾಲಾ ಬೋರ್ಡಿಗೆ ಇರುವುದು ವೆಸ್ಟ್ರಿ ಬರಹದಲ್ಲಿ ಬಿಟ್ಟುಕೊಟ್ಟ ಅಧಿಕಾರ ಮಾತ್ರ. ಹಾಗಾಗಿ ಜಗಳಕ್ಕೆ ಮೊದಲು ಮೂರು ಕಾಗದ ಹುಡುಕಲು ಹೇಳಿದೆವು: ಬೋರ್ಡಿನ ಬೈಲಾ, ಅದನ್ನು ವೆಸ್ಟ್ರಿ ಒಪ್ಪಿದ ಸಭೆಯ ನಡಾವಳಿ, ಮತ್ತು ಕಟ್ಟಡ ಹಾಗೂ ಖರ್ಚು ಹಂಚಿಕೆಯ ಒಪ್ಪಂದ. ಮೊದಲೆರಡು ಸಿಕ್ಕವು. ಮೂರನೆಯದು ಇರಲೇ ಇಲ್ಲ. ಹಿಂದಿನ ರೆಕ್ಟರ್ ಮತ್ತು ಮುಖ್ಯಸ್ಥೆ ಬಾಯಿಮಾತಿನಲ್ಲೇ ಹನ್ನೊಂದು ವರ್ಷ ನಡೆಸಿದ್ದರು. ಪಾದ್ರಿ ಬದಲಾಗುವ ಹೊತ್ತಿಗೇ ಇಂಥ ಶಾಲೆಗಳಲ್ಲಿ ಕಲಹ ಏಳುವುದಕ್ಕೆ ಇದೇ ಕಾರಣ. ಹೊಸಬರು ಕೆಟ್ಟವರೆಂದಲ್ಲ, ಹಳೆಯ ಮಾತು ಅವರ ಕಿವಿಗೆ ಬಿದ್ದಿರುವುದಿಲ್ಲ.

ನಂತರ ಲೆಕ್ಕ. ಸ ಅವರ ಬಲ ಇರುವುದು ಇಲ್ಲೇ. ಮೇ ತಿಂಗಳಲ್ಲಿ ಶಾಲೆಯ ಖಾತೆ ತುಂಬಿದಂತೆ ಕಾಣುತ್ತದೆ, ಏಕೆಂದರೆ ಮುಂದಿನ ವರ್ಷದ ಶುಲ್ಕ ಮುಂಗಡವಾಗಿ ಬಂದಿರುತ್ತದೆ. 6 ಲಕ್ಷದಲ್ಲಿ ಅಂಥದ್ದು 2.5 ಲಕ್ಷ. ಅದು ಇನ್ನೂ ಕಲಿಸದ ಪಾಠದ ಹಣ, ಆಗಸ್ಟ್‌ನಿಂದ ಸಂಬಳಕ್ಕೆ ಹೋಗಬೇಕಾದದ್ದು. ಇನ್ನು 40 ಸಾವಿರ ಬಡ ಮಕ್ಕಳ ಶುಲ್ಕಕ್ಕೆಂದೇ ದಾನಿಗಳು ಕೊಟ್ಟದ್ದು. ಅದನ್ನು ಸೂರಿಗೆ ಹಾಕಿದರೆ ಕಾನೂನಿನ ತೊಡಕು. ಉಳಿದದ್ದು 3.1 ಲಕ್ಷ. ತಿಂಗಳ ಖರ್ಚು 2 ಲಕ್ಷ ಇರುವ ಶಾಲೆಗೆ ಒಂದೂವರೆ ತಿಂಗಳ ಆಸರೆ ಅಷ್ಟೆ. 4 ಲಕ್ಷ ಎತ್ತಿದ್ದರೆ ಚಳಿಗಾಲದಲ್ಲಿ ಶಿಕ್ಷಕರ ಸಂಬಳ ನಿಲ್ಲುತ್ತಿತ್ತು. ಈ ನಾಲ್ಕು ಸಾಲನ್ನು ಒಂದೇ ಹಾಳೆಯಲ್ಲಿ ಬರೆದು ರೆಕ್ಟರ್, ವೆಸ್ಟ್ರಿ ಖಜಾಂಚಿ ಇಬ್ಬರಿಗೂ ಮೀಟಿಂಗಿಗೆ ಒಂದು ವಾರ ಮೊದಲೇ ಕೊಡಿ ಎಂದೆವು. ತುಂಬಿದ ಸಭೆಯಲ್ಲಿ ಬಿಚ್ಚಿಟ್ಟರೆ ಅವರು ಸೋತಂತಾಗುತ್ತದೆ. ಸೋತವರು ಒಪ್ಪುವುದಿಲ್ಲ.

ಬೇಡ ಎಂದಷ್ಟೇ ಹೇಳಿ ಬರುವುದೂ ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯವಾಗಿತ್ತು, ಏಕೆಂದರೆ ಆ ಸೂರಿನಡಿ ಮಕ್ಕಳು ಊಟ ಮಾಡುತ್ತಾರೆ. ಸೂರಿನ 40% ಪ್ಯಾರಿಷ್ ಹಾಲ್, ಅಂದರೆ ಚರ್ಚಿನ ಸಭಾಂಗಣದ ಮೇಲಿದೆ. ಆ ಸಭಾಂಗಣವನ್ನು ಶಾಲೆ ವಾರಕ್ಕೆ 35 ಗಂಟೆ, ಚರ್ಚು 15 ಗಂಟೆ ಬಳಸುತ್ತದೆ. 40%ರಲ್ಲಿ 70% ಎಂದರೆ ಒಟ್ಟು 28%, ಅಂದರೆ 1,12,000 ಡಾಲರ್. ಮಕ್ಕಳ ಚಾಪೆಲ್ ಪ್ರಾರ್ಥನೆಯ ಸಮಯವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ ಎಂದೆವು. ಅದು ಶಾಲೆಯದೂ ಹೌದು, ಚರ್ಚಿನ ಸೇವೆಯೂ ಹೌದು. ಇದಕ್ಕಿಂತ ಹೆಚ್ಚು ಬೇಕಾದರೆ ಸಾಲವೆಂದೇ ಬರೆಯಬೇಕು: ಮೊತ್ತ, ಬಡ್ಡಿ, ಕಂತಿನ ದಿನಾಂಕ, ಎರಡೂ ಕಡೆಯ ಸಹಿ. ‘ಸದ್ಯಕ್ಕೆ’ ಎಂಬ ಪದ ನಡಾವಳಿಯಲ್ಲಿ ಬರಕೂಡದು. ಆಸ್ತಿ ಅಡವಿಟ್ಟು ಬ್ಯಾಂಕ್ ಸಾಲ ಮಾಡುವುದಾದರೆ ಬಿಷಪ್ ಮತ್ತು ಡಯಾಸಿಸ್‌ನ (ಬಿಷಪ್ ಆಡಳಿತಕ್ಕೆ ಸೇರಿದ ಚರ್ಚುಗಳ ಪ್ರಾಂತ್ಯ) ಸ್ಟ್ಯಾಂಡಿಂಗ್ ಕಮಿಟಿ ಎಂಬ ಸಮಿತಿಯ ಲಿಖಿತ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ವರ್ಷದ ಆಡಿಟ್ ವರದಿ ಸೆಪ್ಟೆಂಬರ್ 1ರೊಳಗೆ ಬಿಷಪ್ ಕಚೇರಿಗೆ ಹೋಗಬೇಕಾದ್ದರಿಂದ ಹಣ ಸುಮ್ಮನೆ ಅತ್ತಿತ್ತ ಹೋಗಿದ್ದರೆ ಅಲ್ಲಿ ಹೇಗೂ ಕಾಣುತ್ತದೆ.

ರಾತ್ರಿಯ ಫೋನ್ ಕರೆಗಳ ಬಗ್ಗೆ ಖಡಾಖಂಡಿತವಾಗಿಯೇ ಹೇಳಬೇಕಾಯಿತು. ಮುಖ್ಯಸ್ಥೆಗೆ ಕೆಲಸ ಕೊಟ್ಟಿರುವುದು ಇಡೀ ಬೋರ್ಡು. ಒಬ್ಬ ಟ್ರಸ್ಟಿ ಅವರ ಗುಟ್ಟಿನ ಗೆಳತಿಯಾದರೆ ಬೋರ್ಡಿನೊಳಗೆ ಪಕ್ಷ ಹುಟ್ಟುತ್ತದೆ. ಮುಂದೆ ಮುಖ್ಯಸ್ಥೆಯ ವಾರ್ಷಿಕ ಮೌಲ್ಯಮಾಪನದಲ್ಲಿ ಕೈಯೆತ್ತಬೇಕಾದವರಲ್ಲಿ ಸ ಅವರೂ ಒಬ್ಬರು. ಹೇಳಲು ಮಾತನ್ನೂ ಸಿದ್ಧಪಡಿಸಿ ಕೊಟ್ಟೆವು: ‘ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇದನ್ನು ಅಧ್ಯಕ್ಷರಿಗೆ ನೀವೇ ಹೇಳಬೇಕು. ನಾಳೆ ಬೆಳಿಗ್ಗೆ ಅವರಿಗೆ ಫೋನ್ ಮಾಡುತ್ತೀರಾ?’ ರೆಕ್ಟರ್, ಮುಖ್ಯಸ್ಥೆ, ಬೋರ್ಡಿನ ಅಧ್ಯಕ್ಷರು ತಿಂಗಳಿಗೊಮ್ಮೆ ಮೂವರೇ ಕೂರುವ ಪದ್ಧತಿಯನ್ನು ಅಧ್ಯಕ್ಷರ ಮುಂದಿಡಲೂ ಸೂಚಿಸಿದೆವು. ಮಗಳ ವಿಷಯದಲ್ಲಿ ಒಂದೇ ನಿಯಮ: ಟೀಚರ್ ಹತ್ತಿರ ಹೋದಾಗ ಸ ಅವರು ತಾಯಿ ಮಾತ್ರ, ಬೋರ್ಡಿನ ಸುದ್ದಿ ಅಲ್ಲಿ ಬೇಡ.

ರಾಜೀನಾಮೆಯನ್ನು ಅವರ ಇಷ್ಟಕ್ಕೇ ಬಿಟ್ಟೆವು, ಸೂರಿನ ತೀರ್ಮಾನ ಆಗುವವರೆಗೆ ತಡೆಯಿರಿ ಎಂದಷ್ಟೇ ಕೇಳಿಕೊಂಡೆವು. ನಿದ್ದೆ ಮೂರು ವಾರದಲ್ಲೂ ಸರಿಹೋಗದಿದ್ದರೆ ವೈದ್ಯರನ್ನು ಕಾಣಲೂ ಹೇಳಿದ್ದೆವು. ಅದರ ಅಗತ್ಯ ಬೀಳಲಿಲ್ಲ.

ವೆಸ್ಟ್ರಿಯ ಇಬ್ಬರು, ಬೋರ್ಡಿನ ಇಬ್ಬರು ಸೇರಿ ಜಂಟಿ ಸಮಿತಿಯಾಯಿತು. ಶಾಲೆ 1,12,000 ಕೊಟ್ಟಿತು, ಉಳಿದದ್ದಕ್ಕೆ ಚರ್ಚು ದೇಣಿಗೆ ಎತ್ತುತ್ತಿದೆ. ಸೂರಿನ ಅರ್ಧ ಕೆಲಸ ಮುಂದಿನ ಬೇಸಿಗೆಗೆ ಹೋಗಿದೆ. ಮುಖ್ಯಸ್ಥೆ ವರದಿ ಒಪ್ಪಿಸಬೇಕಾದದ್ದು ರೆಕ್ಟರ್‌ಗೋ ಬೋರ್ಡಿಗೋ ಎಂಬುದು ಅವರ ಕರಾರಿನಲ್ಲಿ ಇನ್ನೂ ಅಸ್ಪಷ್ಟ. ಕರಾರು ನವೀಕರಣಕ್ಕೆ ಬರುವ ಮುನ್ನ ಅದನ್ನು ಒಂದೇ ವಾಕ್ಯದಲ್ಲಿ ಬರೆಸಿಕೊಳ್ಳಿ, ಬರೆಯುವಾಗ ಡಯಾಸಿಸ್‌ನ ವಕೀಲರ ಕಣ್ಣಿಗೊಮ್ಮೆ ಹಾಕಿ ಎಂದು ಕೊನೆಯ ಭೇಟಿಯಲ್ಲಿ ತಿಳಿಸಿದ್ದೇವೆ.